ತುಮಕೂರು ಸೀಮೆಯ ಮುಖ್ಯ ಪಟ್ಟಣಗಳು

ಒಂದು ಸೀಮೆಯ ಮುಖ್ಯವಾದ ಪಟ್ಟಣಗಳು ಯಾವುವು ಎಂದು ಕೇಳಿದರೆ, ಜನಗಣತಿಯ ಪಟ್ಟಿಯನ್ನು ತೆರೆದು, ದೊಡ್ಡದರಿಂದ ಚಿಕ್ಕದರವರೆಗೆ ಓದಿಬಿಡುವುದು ಸುಲಭವಾದ ಉತ್ತರ. ಆದರೆ ಆ ಪಟ್ಟಿಯಿಂದ ಊರುಗಳ ಗಾತ್ರವು ತಿಳಿಯುವುದೇ ಹೊರತು ಅವುಗಳ ಕೆಲಸವು ತಿಳಿಯುವುದಿಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತವನ್ನು ತೆಗೆದುಕೊಳ್ಳೋಣ. ಅಲ್ಲಿ ಆಡಳಿತದ ಊರು ಮೇಡ್‌ಸ್ಟನ್. ಧರ್ಮಪೀಠದ ಊರು ಕ್ಯಾಂಟರ್ಬರಿ. ಹಡಗುಗಳು ಬಂದುಹೋಗತಕ್ಕ ಊರು ಡೋವರ್. ಈ ಮೂರರಲ್ಲಿ ಯಾವುದು ಮುಖ್ಯವೆಂಬುದು, ಕೇಳುವವನು ಯಾವ ಕೆಲಸಕ್ಕಾಗಿ ಮನೆಯಿಂದ ಹೊರಟಿದ್ದಾನೆ ಎಂಬುದನ್ನು ಅವಲಂಬಿಸಿರುತ್ತದೆ. ಹಳ್ಳಿಗೆ ಬೇಕಾದದ್ದನ್ನು ಒದಗಿಸಿ, ಹಳ್ಳಿಯು ಬೆಳೆದದ್ದನ್ನು ಕೊಳ್ಳುವುದರಿಂದಲೇ ಪಟ್ಟಣವು ಪಟ್ಟಣವೆನ್ನಿಸಿಕೊಳ್ಳುತ್ತದೆ. ಆದಕಾರಣ ನಾವು ತುಮಕೂರು ಜಿಲ್ಲೆಯ ಪಟ್ಟಣಗಳನ್ನು ಬೆಂಗಳೂರಿನ ಕಡೆಯಿಂದ ನೋಡದೆ, ಒಂದು ಹಳ್ಳಿಯ ಕಡೆಯಿಂದ ನೋಡಬೇಕೆಂದಿದ್ದೇವೆ.

ಆ ಹಳ್ಳಿ ದಬ್ಬೇಘಟ್ಟ. ತುರುವೇಕೆರೆ ತಾಲ್ಲೂಕಿನಲ್ಲಿ ಕಸಬಾ, ದಂಡಿನಶಿವರ, ಮಾಯಸಂದ್ರ, ದಬ್ಬೇಘಟ್ಟ ಎಂದು ನಾಲ್ಕು ಹೋಬಳಿಗಳುಂಟು. ದಬ್ಬೇಘಟ್ಟದ ಸುತ್ತಿನ ಒಕ್ಕಲಿಗೆ ರಾಗಿಯು ಊಟಕ್ಕಾದರೆ ತೆಂಗು ಉಳಿದ ಸಮಸ್ತಕ್ಕೂ ಆಧಾರ. ಮಗಳ ಮದುವೆ, ಮಗನ ಓದು, ಕೊಳವೆಬಾವಿಯ ಸಾಲ, ಮನೆಯ ಹೊದಿಕೆ, ಇವೆಲ್ಲವೂ ಅಟ್ಟದ ಮೇಲಿನ ಕಾಯಿಯನ್ನು ನೆಚ್ಚಿಕೊಂಡಿರತಕ್ಕವು. ಅಂತಹ ಒಕ್ಕಲಿನವನು ಪಹಣಿಗಾಗಿ ನಾಡಕಚೇರಿಗೆ ಹೋಗುತ್ತಾನೆ. ತಾಲ್ಲೂಕು ಕಚೇರಿಯ ಕೆಲಸಕ್ಕಾಗಿ ತುರುವೇಕೆರೆಗೆ, ಕೊಬ್ಬರಿಯ ಮಾರಾಟಕ್ಕಾಗಿ ತಿಪಟೂರಿಗೆ, ಜಿಲ್ಲಾಧಿಕಾರಿಗಳ ಬಳಿಗೆ ಅಹವಾಲನ್ನು ಒಯ್ಯಬೇಕಾದಾಗ ತುಮಕೂರಿಗೆ ಹೋಗುತ್ತಾನೆ. ಅವನ ಹೆಜ್ಜೆಯನ್ನನುಸರಿಸಿಯೇ ನಾವೂ ಹೊರಡೋಣ.

ಹೊರಡುವ ಮೊದಲು ನೆಲದ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. ತುಮಕೂರು ಜಿಲ್ಲೆಯ ವಿಸ್ತೀರ್ಣ ಸುಮಾರು 10,600 ಚದರ ಕಿಲೋಮೀಟರು. ಇದರಲ್ಲಿ ಹತ್ತು ತಾಲ್ಲೂಕುಗಳಿವೆ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆಯು 26 ಲಕ್ಷಕ್ಕೆ ಮೇಲ್ಪಟ್ಟದ್ದು. ಈ ಜಿಲ್ಲೆಯು ಮೂರು ದಿಕ್ಕಿಗೆ ನೀರನ್ನು ಹಂಚತಕ್ಕ ದಿಣ್ಣೆಯ ಮೇಲೆ ಕುಳಿತಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅದೇ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು ಪೆನ್ನಾರನ್ನು ಸೇರುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆಯ ಸುವರ್ಣಮುಖಿಯ ನೀರು ವೇದಾವತಿಯ ದಾರಿಯಿಂದ ತುಂಗಭದ್ರೆಗೆ ಹೋಗುತ್ತದೆ. ನೀರು ಹುಟ್ಟಿ ಹೊರಟುಹೋಗತಕ್ಕ ನೆಲವಾದುದರಿಂದ ಇಲ್ಲಿ ದೊಡ್ಡ ನದಿಯ ದಡದಲ್ಲಿ ಬೆಳೆದ ಪಟ್ಟಣವೆಂಬುದು ಒಂದೂ ಇಲ್ಲ. ಇಲ್ಲಿಯ ಊರುಗಳನ್ನು ಬೆಳೆಯಿಸಿದವು ಕೆರೆ, ಕೋಟೆ, ಸಂತೆ ಮತ್ತು ದಾರಿ. ಈ ನಾಲ್ಕರಲ್ಲಿ ಯಾವುದಕ್ಕೆ ಯಾವ ಕಾಲದಲ್ಲಿ ಬೆಲೆ ಬಂದಿತೋ ಆ ಊರು ಆ ಕಾಲದಲ್ಲಿ ತಲೆಯೆತ್ತಿತು.

ಕೆರೆಯ ಕಾಲದ ಊರಿಗೆ ತುರುವೇಕೆರೆಯೇ ನಿದರ್ಶನ. ಹೆಸರಿನಲ್ಲಿಯೇ ತುರುವೂ ಇದೆ, ಕೆರೆಯೂ ಇದೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮಣ್ಣನು ಇಲ್ಲಿಯ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದನು. ಸೋಮನಾಥಪುರದ ಪ್ರಸಿದ್ಧವಾದ ಗುಡಿಯನ್ನು ನಿರ್ಮಿಸಿದವನೂ ಈತನೇ. ಗಂಗಾಧರೇಶ್ವರನ ಗುಡಿಯ ಮುಂದಿರುವ ಕರಿಯ ಕಲ್ಲಿನ ನಂದಿಯು ಕನ್ನಡಿಯಂತೆ ಹೊಳೆಯುತ್ತದೆ. ಅಷ್ಟು ನುಣುಪಾಗಿ ಮೆರುಗು ಕೊಟ್ಟ ಕೆಲಸವು ನಮ್ಮ ನಾಡಿನಲ್ಲಿ ವಿರಳ. ಮೂಲೆ ಶಂಕರೇಶ್ವರ, ಬೇಟೆರಾಯಸ್ವಾಮಿ ಮೊದಲಾದ ಗುಡಿಗಳೂ ಈ ಚಿಕ್ಕ ಊರಿನಲ್ಲಿಯೇ ಇವೆ. ಇದೇ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ 1884ರಲ್ಲಿ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಜನಿಸಿದರು.

ಇಷ್ಟು ಹಿರಿಮೆಯುಳ್ಳ ತುರುವೇಕೆರೆಯ ಜನಸಂಖ್ಯೆಯು 2011ರಲ್ಲಿ 15 ಸಾವಿರವನ್ನೂ ಮುಟ್ಟಿರಲಿಲ್ಲ. ಇದಕ್ಕೆ ಕಾರಣವನ್ನು ಹುಡುಕಲು ಬಹು ದೂರ ಹೋಗಬೇಕಾದುದಿಲ್ಲ. ರೈಲುದಾರಿಯು ಊರನ್ನು ಮುಟ್ಟದೆ ಉತ್ತರದಲ್ಲಿಯೇ ಹಾದುಹೋಯಿತು. ಸಂಪಿಗೆ ರಸ್ತೆ, ಅಮ್ಮಸಂದ್ರ, ಬಾಣಸಂದ್ರ ಎಂಬ ನಿಲ್ದಾಣಗಳು ಆ ದಾರಿಯಲ್ಲಿವೆ. ಅಮ್ಮಸಂದ್ರವು ಸಿಮೆಂಟ್ ಕಾರ್ಖಾನೆಯಿಂದ ಹೆಸರನ್ನೂ ಪಡೆಯಿತು. ತುರುವೇಕೆರೆಗಾದರೋ ತಾಲ್ಲೂಕು ಕಚೇರಿ, ನ್ಯಾಯಾಲಯ, ಶಾಲೆ, ಆಸ್ಪತ್ರೆ ಇವು ಉಳಿದುವು. ದಬ್ಬೇಘಟ್ಟದವನು ಇಲ್ಲಿಗೆ ಬರುವುದು ಕಾಗದಪತ್ರಗಳಿಗೆ. ಕೊಬ್ಬರಿಯ ಗಾಡಿಯು ಮುಂದಕ್ಕೆ ಹೋಗುತ್ತದೆ.

ಅದು ಹೋಗಿ ನಿಲ್ಲುವುದು ತಿಪಟೂರಿನಲ್ಲಿ. ಇಂದು ತಿಪಟೂರೆಂದರೆ ಕೊಬ್ಬರಿ, ಕೊಬ್ಬರಿಯೆಂದರೆ ತಿಪಟೂರು ಎಂಬಂತಾಗಿದ್ದರೂ, ಇದು ಪುರಾತನವಾದ ರಾಜಧಾನಿಯೂ ಅಲ್ಲ, ಹೆಸರಾಂತ ಕೋಟೆಯೂ ಅಲ್ಲ. ಈ ಭಾಗದ ತಾಲ್ಲೂಕಿನ ಕಚೇರಿಯು ಮೊದಲು ಹೊನ್ನವಳ್ಳಿಯಲ್ಲಿದ್ದಿತು. ಹಳೆಯ ಗೆಜೆಟಿಯರುಗಳು ಹೊನ್ನವಳ್ಳಿಯ ಗಂಗಾಪಾಣಿ ಎಂಬ ತೆಂಗಿನ ಜಾತಿಯನ್ನು ವಿಶೇಷವಾಗಿ ಹೊಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಚೇರಿಯು ತಿಪಟೂರಿಗೆ ಬಂದಿತು. ರೈಲುಗಾಡಿ ಬಂದ ಕಾಲವೂ ಅದೇ.

ಈ ರೈಲಿನ ಹಿಂದೆ ಒಂದು ದೊಡ್ಡ ದುಃಖದ ಕಥೆಯಿದೆ. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ತಲೆದೋರಿದ ಮಹಾಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದರು. ಧಾನ್ಯವು ಒಂದೆಡೆ ಇದ್ದರೂ ಅದನ್ನು ಹಸಿದವರ ಬಳಿಗೆ ಒಯ್ಯುವ ಸಾಧನವು ಸಾಲದಾಗಿತ್ತು. 1881ರಲ್ಲಿ ರಾಜ್ಯವು ಪುನಃ ಒಡೆಯರ ಮನೆತನಕ್ಕೆ ಬಂದಮೇಲೆ, ದಿವಾನ್ ರಂಗಾಚಾರ್ಲು ಅವರು ರೈಲುದಾರಿಗಳ ನಿರ್ಮಾಣಕ್ಕೆ ಅಗ್ರಸ್ಥಾನವನ್ನು ಕೊಟ್ಟರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೂ, 1889ರ ವೇಳೆಗೆ ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದವರೆಗೂ ಗಾಡಿಗಳು ಓಡಲಾರಂಭಿಸಿದುವು. ಕ್ಷಾಮಕಾಲದಲ್ಲಿ ಧಾನ್ಯವನ್ನು ಒಳಕ್ಕೆ ತರಬೇಕೆಂದು ಹಾಕಿದ ಕಂಬಿಯು, ಸುಭಿಕ್ಷಕಾಲದಲ್ಲಿ ಕೊಬ್ಬರಿಯನ್ನು ಹೊರಕ್ಕೆ ಒಯ್ಯುವ ಕಂಬಿಯಾಯಿತು. ಪುಣೆ, ಮುಂಬಯಿಗಳ ಕಡೆಗೂ ಅಲ್ಲಿಂದಾಚೆಗೂ ಸರಕು ಹೋಗುವ ಮಾರ್ಗವು ತೆರೆದ ಮೇಲೆ ನಿಲ್ದಾಣದ ಸುತ್ತ ಮಂಡಿಗಳು ಹುಟ್ಟಿ, ತಿಪಟೂರು ತನ್ನ ನೆರೆಯ ಹಳೆಯ ಊರುಗಳನ್ನು ಹಿಂದಕ್ಕೆ ಹಾಕಿತು. 2011ರಲ್ಲಿ ಇದರ ಜನಸಂಖ್ಯೆಯು 60 ಸಾವಿರದ ಸಮೀಪದಲ್ಲಿದ್ದಿತು.

ತಿಪಟೂರಿನ ವ್ಯಾಪಾರವು ಇತರ ತೆಂಗಿನ ಸೀಮೆಗಳ ವ್ಯಾಪಾರದಂತಲ್ಲ. ಮಲೆಯಾಳ ದೇಶದಲ್ಲಿ ಕಾಯನ್ನು ಒಡೆದು, ಹೋಳುಗಳನ್ನು ಒಣಗಿಸಿ, ಗಾಣಕ್ಕೆ ಹಾಕುವುದು ವಾಡಿಕೆ. ಇಲ್ಲಿ ತಯಾರಾಗುವುದು ಉಂಡೆ ಕೊಬ್ಬರಿ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆಯ ಸಹಿತ ಅಟ್ಟದ ಮೇಲೆ ಹರವಿ, ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಾಯನ್ನು ಅಲ್ಲಾಡಿಸಿದಾಗ ಒಳಗಿನಿಂದ ಸದ್ದು ಬಂದರೆ ಕೊಬ್ಬರಿ ಆಯಿತೆಂದು ಅರ್ಥ. ಆಮೇಲೆ ಸಿಪ್ಪೆಯನ್ನು ಸುಲಿದು, ಉಂಡೆಯು ಒಡೆಯದಂತೆ ಕರಟವನ್ನು ಜಾಣತನದಿಂದ ಬಿಡಿಸಬೇಕು. ಇದು ಹೆಂಗಸರ ಕೈಗೆ ಬಹಳವಾಗಿ ಒಗ್ಗಿದ ಕೆಲಸ. ಹಾಗೆ ಬಿಡಿಸಿದ ಉಂಡೆಗಳು ಮೂಟೆಗಳಲ್ಲಿ ಉತ್ತರ ಹಿಂದೂಸ್ಥಾನಕ್ಕೆ ಹೋಗಿ, ಅಲ್ಲಿಯ ಹಬ್ಬಗಳಿಗೂ ಮದುವೆಗಳಿಗೂ ಸಿಹಿತಿಂಡಿಗಳಿಗೂ ಒದಗುತ್ತವೆ.

ಇದರಿಂದ ಒಕ್ಕಲಿಗೆ ಒದಗತಕ್ಕ ಸ್ಥಿತಿಯನ್ನು ಗಮನಿಸಬೇಕು. ರಾಗಿಯನ್ನು ಬೆಳೆದವನು ಅದನ್ನು ತಾನೇ ಉಣ್ಣಬಹುದು. ಕೊಬ್ಬರಿಯನ್ನು ಬೆಳೆದವನು ಮರದ ಮೇಲೆ ಒಂದು ವರ್ಷ, ಅಟ್ಟದ ಮೇಲೆ ಮತ್ತೊಂದು ವರ್ಷ ಕಾದು, ಕೊನೆಗೆ ಹರಾಜಿನ ಒಂದು ದಿನದ ಬೆಲೆಗೆ ಅದನ್ನು ಒಪ್ಪಿಸಬೇಕು. ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 2023ರಲ್ಲಿ 11,750 ರೂಪಾಯಿ, 2024ರಲ್ಲಿ 12,000 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. 2023ರಲ್ಲಿ ಪೇಟೆಯ ಬೆಲೆಯು ಈ ಮಟ್ಟಕ್ಕಿಂತ ಬಹಳ ಕೆಳಗೆ ಇಳಿದುಹೋಗಿ, ರೈತರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಅದೇ ಬೆಲೆಯು ಬೆಂಬಲ ಬೆಲೆಯ ಇಮ್ಮಡಿಗೂ ಮೇಲಕ್ಕೆ ಏರಿತು. ಆದರೆ ಆ ವೇಳೆಗೆ ಬಿಳಿನೊಣ, ಕಾಂಡಸೋರುವ ರೋಗ ಮೊದಲಾದವುಗಳಿಂದ ಬಳಲಿದ ಅನೇಕ ತೋಟಗಳಲ್ಲಿ ಇಳುವರಿಯು ತಗ್ಗಿತ್ತು. ಎಳನೀರಿನ ವ್ಯಾಪಾರವೂ ಕಾಯನ್ನು ಅಟ್ಟಕ್ಕೇರಗೊಡದೆ ಸೆಳೆದುಕೊಂಡಿತ್ತು. ಬೆಲೆಯಿದ್ದಾಗ ಕಾಯಿಲ್ಲ, ಕಾಯಿದ್ದಾಗ ಬೆಲೆಯಿಲ್ಲ. ತಿಪಟೂರಿನ ಹರಾಜುಕಟ್ಟೆಯಲ್ಲಿ ಕೂಗುವ ಒಂದು ಅಂಕಿಯು ದಬ್ಬೇಘಟ್ಟದ ಒಂದು ಮನೆಯ ವರ್ಷವನ್ನು ತೀರ್ಮಾನಿಸುತ್ತದೆ ಎಂಬ ಮಾತಿನಲ್ಲಿ ಅತಿಶಯೋಕ್ತಿ ಏನೂ ಇಲ್ಲ.

ತಿಪಟೂರಿನಿಂದ ಉತ್ತರಕ್ಕೆ ಹೋದರೆ ಚಿಕ್ಕನಾಯಕನಹಳ್ಳಿ. ರೈಲು ಬರುವುದಕ್ಕೆ ಮುಂಚೆ ಈ ಭಾಗದ ದೊಡ್ಡ ಪೇಟೆಯೆಂದರೆ ಇದೇ. ಹಾಗಲವಾಡಿಯ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರನ್ನು ಈ ಊರು ಹೊತ್ತಿದೆ. 1791ರಲ್ಲಿ ಮರಾಠಾ ಸರದಾರ ಪರಶುರಾಮ ಭಾವುವಿನ ಸೈನ್ಯವು ಇದನ್ನು ಕೊಳ್ಳೆಹೊಡೆಯಿತು. ಕೊಳ್ಳೆಹೊಡೆಯುವಷ್ಟು ಐಶ್ವರ್ಯವು ಊರಿನಲ್ಲಿದ್ದಿತೆಂಬುದಕ್ಕೆ ಇದೇ ಸಾಕ್ಷಿ. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು ಮಣ್ಣಿನ ಕೋಟೆಯನ್ನೂ, ದೂರದೇಶಗಳೊಡನೆ ವ್ಯಾಪಾರಮಾಡುತ್ತಿದ್ದ ವರ್ತಕರನ್ನೂ ಕಂಡು ಬರೆದಿಟ್ಟಿದ್ದಾನೆ. ಎತ್ತುಗಳ ಮೇಲೆ ಹೇರು ಹೋಗುತ್ತಿದ್ದ ಕಾಲದಲ್ಲಿ ಈ ಊರು ದಾರಿಯ ನಡುವೆ ಇದ್ದಿತು. ಕಂಬಿಯ ಮೇಲೆ ಹೇರು ಹೋಗತೊಡಗಿದ ಮೇಲೆ ದಾರಿಯ ಪಕ್ಕಕ್ಕೆ ಸರಿಯಿತು. ಆದರೂ ಸುತ್ತಲಿನ ತೆಂಗು ಅಡಕೆಗಳ ಬಲದಿಂದ ಊರು ಬಾಡಲಿಲ್ಲ. ಉತ್ತರದ ಹುಳಿಯಾರು ಹೋಬಳಿಯ ಊರಾಗಿದ್ದುಕೊಂಡೇ ವ್ಯಾಪಾರದಲ್ಲಿ ಪಟ್ಟಣದಂತೆ ಬೆಳೆದಿದೆ.

ಈ ತಾಲ್ಲೂಕಿನ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸುಗಳ ಅದಿರುಂಟು. ಅದಿರಿನ ಆಶೆಯಿಂದ ನಡೆದ ಗಣಿಗಾರಿಕೆಯು ಮಿತಿಮೀರಿದಾಗ, ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಅದನ್ನು ನಿಲ್ಲಿಸಿ, ಮುಂದೆ 2013ರಲ್ಲಿ ಕಟ್ಟುಪಾಡುಗಳಿಗೆ ಒಳಪಟ್ಟು ನಡೆಯಲು ಅವಕಾಶವನ್ನಿತ್ತಿತು. ತೋಟವು ಹತ್ತು ತಲೆಮಾರುಗಳನ್ನು ಸಾಕುವುದು, ಗಣಿಯು ಕೆಲವು ವರ್ಷಗಳಲ್ಲಿ ಬರಿದಾಗುವುದು ಎಂಬ ವ್ಯತ್ಯಾಸವನ್ನು ಇಲ್ಲಿಯ ಜನರು ಪುಸ್ತಕದಿಂದ ಕಲಿಯಬೇಕಾದುದಿಲ್ಲ. ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡಕ್ಕೆ ತಂದುಕೊಟ್ಟ ತೀ. ನಂ. ಶ್ರೀಕಂಠಯ್ಯನವರು ಈ ತಾಲ್ಲೂಕಿನ ತೀರ್ಥಪುರದವರು ಎಂಬುದನ್ನೂ ಹೇಳದೆ ಮುಂದಕ್ಕೆ ಹೋಗುವುದು ಉಚಿತವಲ್ಲ.

ಈಗ ರೈಲುದಾರಿಗೆ ಹಿಂದಿರುಗಿ ಪೂರ್ವಕ್ಕೆ ನಡೆದರೆ ಗುಬ್ಬಿ. ಪೂರ್ವಕಾಲದಲ್ಲಿ ಮಲೆನಾಡಿನ ಅಡಕೆಯು ಘಟ್ಟದ ಕೆಳಗಿನ ವಾಲಾಜಾಪೇಟೆಗೆ ಹೋಗುವ ದಾರಿಯಲ್ಲಿ ಗುಬ್ಬಿಯು ದೊಡ್ಡ ತಂಗುಕಟ್ಟೆಯಾಗಿದ್ದಿತು. ವೀರಶೈವ ಕವಿ ಮಲ್ಲಣಾರ್ಯನ ಊರೂ ಇದೇ. ಆದರೆ ಕನ್ನಡನಾಡಿನ ಮನೆಮನೆಗೂ ಈ ಊರಿನ ಹೆಸರನ್ನು ಮುಟ್ಟಿಸಿದ್ದು ಅಡಕೆಯಲ್ಲ, ನಾಟಕ. ರೈಲು ತುಮಕೂರಿಗೆ ಬಂದ 1884ರಲ್ಲಿಯೇ ಗುಬ್ಬಿಯ ನಾಟಕ ಕಂಪೆನಿಯು ಸ್ಥಾಪಿತವಾಯಿತು. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, 1972ರಲ್ಲಿ ದಿವಂಗತರಾಗುವವರೆಗೆ ರಂಗಭೂಮಿಯನ್ನು ಬೆಳಗಿಸಿದರು. ಚಿಕ್ಕ ಊರೊಂದು ತನ್ನ ಸಂತೆಯಿಂದ ಮಾತ್ರವೇ ದೊಡ್ಡದಾಗಬೇಕೆಂಬ ನಿಯಮವಿಲ್ಲವೆಂದು ಗುಬ್ಬಿಯು ತೋರಿಸಿಕೊಟ್ಟಿದೆ. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯು ಆರಂಭವಾಗಿ, ಎತ್ತಿನ ಹೇರಿನ ಊರಿಗೆ ಆಕಾಶಯಾನದ ಸಂಬಂಧವೂ ಒದಗಿತು.

ತುಮಕೂರು ಜಿಲ್ಲೆಯ ತಲೆ. 2011ರಲ್ಲಿಯೇ 3 ಲಕ್ಷಕ್ಕೆ ಮೇಲ್ಪಟ್ಟ ಜನರಿದ್ದ ಈ ನಗರವು, ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು ದೂರದಲ್ಲಿ, ಪುಣೆಗೆ ಹೋಗುವ ದಾರಿಯೂ ಹೊನ್ನಾವರಕ್ಕೆ ಹೋಗುವ ಬಿ. ಎಚ್. ರಸ್ತೆಯೂ ಕವಲೊಡೆಯುವ ಜಾಗದಲ್ಲಿದೆ. ದಾರಿಯ ಕವಲೇ ಇದರ ಭಾಗ್ಯ. ಸಮೀಪದ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠವು ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನವನ್ನೂ ವಸತಿಯನ್ನೂ ವಿದ್ಯೆಯನ್ನೂ ಕೊಡುತ್ತ ಬಂದಿದೆ. 1907ರಲ್ಲಿ ಜನಿಸಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರಸ್ವಾಮಿಗಳ ಕಾಲದಲ್ಲಿ ಈ ದಾಸೋಹವು ದೇಶಪ್ರಸಿದ್ಧವಾಯಿತು. ಸುತ್ತಣ ಒಕ್ಕಲುಗಳು ಸುಗ್ಗಿಯಲ್ಲಿ ಕಾಳನ್ನೂ ಕಾಯನ್ನೂ ಅಲ್ಲಿಗೆ ಒಪ್ಪಿಸುತ್ತಾರೆ. ಆ ಒಕ್ಕಲುಗಳ ಮಕ್ಕಳೇ ಅಲ್ಲಿ ಉಂಡು ಓದುತ್ತಾರೆ. ಪಟ್ಟಣವು ಹಳ್ಳಿಗೆ ಸಲ್ಲಿಸಬಹುದಾದ ಋಣಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾದರಿಯು ನಮಗೆ ತೋರದು. 2004ರಲ್ಲಿ ವಿಶ್ವವಿದ್ಯಾನಿಲಯವೂ ಇಲ್ಲಿ ಸ್ಥಾಪಿತವಾಯಿತು. ಕಾರ್ಖಾನೆಗಳ ವಿಷಯದಲ್ಲಿ ಮಾತ್ರ ನಗರವು ಏಳನ್ನೂ ಬೀಳನ್ನೂ ಕಂಡಿದೆ. ಒಂದು ಕಾಲಕ್ಕೆ ಊರಿನ ಹೆಮ್ಮೆಯಾಗಿದ್ದ ಎಚ್. ಎಂ. ಟಿ. ಗಡಿಯಾರದ ಕಾರ್ಖಾನೆಯು 2016ರಲ್ಲಿ ಮುಚ್ಚಿಹೋಯಿತು. ಉತ್ತರದ ವಸಂತನರಸಾಪುರದಲ್ಲಿ ಹೊಸ ಕೈಗಾರಿಕೆಗಳು ನೆಲಸಿವೆ.

ಇದುವರೆಗೆ ಹೇಳಿದ್ದು ತೆಂಗಿನ ಅರ್ಧ. ಜಿಲ್ಲೆಯ ಉತ್ತರಾರ್ಧವು ಒಣನೆಲ. ಅಲ್ಲಿಯ ಊರುಗಳನ್ನು ಬೆಳೆಯಿಸಿದವು ಕೋಟೆಗಳು. ಶಿರಾ ಪಟ್ಟಣವು 1687ರಿಂದ 1757ರವರೆಗೆ ಮೊಗಲರ ಸುಬೆಯ ರಾಜಧಾನಿಯಾಗಿದ್ದು, 1761ರಲ್ಲಿ ಹೈದರಲ್ಲಿಯ ವಶವಾಯಿತು. ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಇವು ಹಳೆಯ ವೈಭವದ ಗುರುತುಗಳು. ರಾಜಧಾನಿಯು ಹೋದಮೇಲೆ ಕುಗ್ಗಿದ್ದ ಈ ಊರಿಗೆ ಪುಣೆಯ ಹೆದ್ದಾರಿಯು ಮರಳಿ ಜೀವವನ್ನಿತ್ತಿದೆ. ಮಧುಗಿರಿಯು ಏಕಶಿಲೆಯ ಬೆಟ್ಟದ ಕೋಟೆಯ ನೆರಳಿನಲ್ಲಿದೆ. ಕೊರಟಗೆರೆಯು ಅದರ ನೆರೆಯ ಚಿಕ್ಕ ಪಟ್ಟಣ. ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿಯಲ್ಪಟ್ಟಿರುವ ಪಾವಗಡವು ಶನೈಶ್ಚರನ ಗುಡಿಗೂ ಮಳೆಯಭಾವಕ್ಕೂ ಹೆಸರಾಗಿದ್ದದ್ದು, 2018ರಿಂದ ಸೂರ್ಯಶಕ್ತಿಗೂ ಹೆಸರಾಗಿದೆ; ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ವಿದ್ಯುತ್ತಿನ ಸ್ಥಾವರವು ಹರಡಿಕೊಂಡಿದೆ. ದಕ್ಷಿಣದ ಕುಣಿಗಲು, ದೊಡ್ಡ ಕೆರೆಯೂ ಟಿಪ್ಪುವಿನ ಕಾಲದಿಂದ ನಡೆದುಬಂದ ಕುದುರೆ ಫಾರಮ್ಮೂ ಉಳ್ಳ ಊರು. 2017ರಲ್ಲಿ ಬೆಂಗಳೂರು–ಹಾಸನ ರೈಲುದಾರಿಯು ಅದನ್ನು ಮುಟ್ಟಿತು. ತಿಪಟೂರಿಗೆ 1889ರಲ್ಲಿ ಆದ ಉಪಕಾರವು ಕುಣಿಗಲಿಗೆ ಆಗಲು ಇಷ್ಟು ಕಾಲ ಹಿಡಿಯಿತು.

ಈ ಪಟ್ಟಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ಹೊರಪಡುತ್ತದೆ. ಹೊಯ್ಸಳರ ಅಗ್ರಹಾರ, ಪಾಳೆಯಗಾರರ ಪೇಟೆ, ಮೊಗಲರ ಸುಬೆ, ರೈಲಿನ ನಿಲ್ದಾಣ, ಹೆದ್ದಾರಿಯ ಕವಲು, ಹೀಗೆ ಹಿರಿಮೆಯು ಊರಿನಿಂದ ಊರಿಗೆ ಸರಿಯುತ್ತ ಬಂದಿದೆ. ಹಿರಿಮೆಯನ್ನು ಕಳೆದುಕೊಂಡರೂ ಉಳಿದ ಊರುಗಳು, ಸುತ್ತಿನ ಹಳ್ಳಿಗಳಿಗೆ ಇನ್ನೂ ಬೇಕಾಗಿದ್ದವು. ಆದಕಾರಣ ತಿಪಟೂರನ್ನು ಪ್ರತ್ಯೇಕ ಜಿಲ್ಲೆಯಾಗಿ ಮಾಡಬೇಕೆಂಬ ಬೇಡಿಕೆಯನ್ನು ಕೇಳುವಾಗ, ಕಚೇರಿಗಳ ಸಂಖ್ಯೆಯೊಂದನ್ನೇ ಎಣಿಸಬಾರದು. ಜಿಲ್ಲಾ ಕಚೇರಿ ಹತ್ತಿರವಾದರೆ ದಬ್ಬೇಘಟ್ಟದವನಿಗೆ ಒಂದು ದಿನದ ಪ್ರಯಾಣವು ಉಳಿದೀತು, ಅದು ಲಾಭವೇ. ಆದರೆ ಅವನ ಕೊಬ್ಬರಿಯು ಉಂಡೆಯ ರೂಪದಲ್ಲಿಯೇ ಊರುಬಿಟ್ಟು ಹೋಗಿ, ಎಣ್ಣೆ, ತುರಿ, ತಿಂಡಿಗಳ ಲಾಭವು ದೂರದ ಊರುಗಳಲ್ಲಿ ನಿಲ್ಲುವವರೆಗೆ, ಹತ್ತಿರದ ಕಚೇರಿಯು ಅವನ ಹಣದ ಚೀಲವನ್ನು ತುಂಬಲಾರದು. ನೀರಿನ ಮಾತೂ ಹಾಗೆಯೇ. ಗೊರೂರಿನ ಹೇಮಾವತಿ ಜಲಾಶಯದಿಂದ ಬರುವ ನಾಲೆಯು ಈ ಸೀಮೆಯ ಕೆರೆಗಳಿಗೂ ಪಟ್ಟಣಗಳ ಕೊಳಾಯಿಗಳಿಗೂ ಆಸರೆ. ಕುಣಿಗಲಿನ ಕಡೆಗೆ ತೋಡಲು ಹೊರಟ ಸಂಪರ್ಕ ನಾಲೆಯ ವಿಷಯದಲ್ಲಿ 2024, 2025ರಲ್ಲಿ ತಾಲ್ಲೂಕಿಗೂ ತಾಲ್ಲೂಕಿಗೂ ವಿವಾದವೆದ್ದಿತು. ನದಿಯಿಲ್ಲದ ನಾಡಿನಲ್ಲಿ ಒಂದು ಪಟ್ಟಣದ ಬಾಯಾರಿಕೆಯು ನೆರೆಯ ಊರಿನ ತೋಟವನ್ನು ಒಣಗಿಸಬಾರದೆಂಬ ಎಚ್ಚರವು ಎಲ್ಲರಿಗೂ ಬೇಕು.

ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತೆಂಗಿನ ರೋಗಗಳನ್ನು ತಡೆಯುವ ತಿಳಿವಳಿಕೆಯೂ, ಕೊಬ್ಬರಿಯಿಂದ ಬೇರೆ ಪದಾರ್ಥಗಳನ್ನು ಮಾಡುವ ತಿಳಿವಳಿಕೆಯೂ ಅಂತಹ ಕೇಂದ್ರಗಳಿಂದ ಹೊರಟು, ಸಹಕಾರ ಸಂಘಗಳ ಮೂಲಕ ಹೋಬಳಿಗಳವರೆಗೂ ತಲಪಬಲ್ಲುದು. ತೆಂಗಿನ ಸಸಿಯು ಫಲ ಕೊಡಲು ಆರೇಳು ವರ್ಷ ಬೇಕು. ಫಲ ಕೊಟ್ಟಮೇಲೆ ಮೂರು ತಲೆಮಾರು ಕೊಡುತ್ತದೆ. ತುಮಕೂರು ಸೀಮೆಯ ಪಟ್ಟಣಗಳು ನಿಂತಿರುವುದು ಆ ಮರದ ಬುಡದಲ್ಲಿ. ದಬ್ಬೇಘಟ್ಟದ ತೋಟದಲ್ಲಿ ಈ ವರ್ಷ ಹೊಸ ಸಸಿಯನ್ನು ನೆಡುವವನು, ಆ ಕಾಯಿಗೆ ಬೆಲೆ ಕೊಡತಕ್ಕ ಪೇಟೆಯೊಂದು ಆಗಲೂ ಇರುವುದೆಂಬ ನಂಬಿಕೆಯಿಂದಲೇ ಗುಂಡಿಯನ್ನು ತೋಡುತ್ತಾನೆ.